ತಾರಸಿಯ ಮೇಲಿನ ಬೀರು

ನಮ್ಮ ತಾರಸಿಯ ಮೇಲಿರುವುದು ಕೋಣೆಯಲ್ಲ. ಇದನ್ನು ನಾನು ನಗರಸಭೆಯ ಮುಂದೆ ಹೇಳಿದ್ದೇನೆ, ಅತ್ತೆಯ ಮುಂದೆ ಹೇಳಿದ್ದೇನೆ, ಬಿರುಗಾಳಿಯ ಮುಂದೆಯೂ ಹೇಳಿದ್ದೇನೆ. ಮೂವರಲ್ಲಿ ನಡುವೆ ಬಾಯಿ ಹಾಕದೆ ಕೇಳಿಸಿಕೊಂಡದ್ದು ಗಾಳಿ ಮಾತ್ರ.

ಮೊದಲು ನನ್ನ ವಿಚಾರ. ನಾನು ತಕ್ಕಡಿ ರಿಪೇರಿ ಮಾಡುವವನು. ಊರಿನ ಅರ್ಧ ಅಂಗಡಿಗಳ ತಕ್ಕಡಿ ಸರಿಯಾಗಿರುವುದು ನನ್ನಿಂದ. ಉಳಿದರ್ಧದವರಿಗೆ ಅದು ಸರಿಯಾಗುವುದು ಬೇಕಿಲ್ಲ. ಜನ ನನ್ನನ್ನು ತಕ್ಕಡಿ ಸಾರ್ ಎನ್ನುತ್ತಾರೆ. ಇರುವುದು ಅತ್ತೆಯ ಮನೆಯಲ್ಲಿ, ಅಂದರೆ ಮನೆ ಅಳಿಯ. ನನ್ನ ಅಂಗಡಿಯೂ ಅದೇ ಮನೆಯ ಮುಂಭಾಗದಲ್ಲಿ. ಮದುವೆಯಾದ ಹೊಸದರಲ್ಲಿ ಆರು ತಿಂಗಳ ಮಟ್ಟಿಗೆ ಎಂದು ಬಂದೆ. ಹನ್ನೊಂದು ವರ್ಷವಾಯಿತು, ಆ ಆರು ತಿಂಗಳು ಇನ್ನೂ ಮುಗಿದಿಲ್ಲ.

ನನ್ನ ಹೆಂಡತಿ ಬಟ್ಟೆ ಹೊಲಿಯುತ್ತಾಳೆ. ಹನ್ನೊಂದು ವರ್ಷದಿಂದ ಅವಳ ಮೆಷಿನ್ನು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿದೆ. ಯಾರು ಸ್ನಾನಕ್ಕೆ ಹೋಗಲಿ, ಯಾರು ಕೈ ತೊಳೆಯಲು ಹೋಗಲಿ, ಅವಳು ಎದ್ದು, ಸ್ಟೂಲು ಎತ್ತಿಕೊಂಡು, ಗೋಡೆಗೆ ಅಂಟಿ ದಾರಿ ಬಿಡಬೇಕು. ಒಮ್ಮೆ ಎಣಿಸಿದ್ದೆ, ದಿನಕ್ಕೆ ಇಪ್ಪತ್ತಾರು ಸಲ. ಅದರಲ್ಲಿ ಹದಿನಾಲ್ಕು ಸಲ ನಾನೇ.

ಈ ವರ್ಷ ಅವಳಿಗೊಂದು ದೊಡ್ಡ ಕೆಲಸ ಸಿಕ್ಕಿತು. ನಾಟಕ ಮಂದಿರದ ಮುಂಪರದೆ. ಕಡುಕೆಂಪು ದಪ್ಪ ಬಟ್ಟೆ, ಬಿಡಿಸಿದರೆ ನಮ್ಮ ಮನೆಯನ್ನೇ ಹೊದಿಸಿಬಿಡಬಹುದು. ತಿಂಗಳ ಕೊನೆಗೆ ಕೊಟ್ಟರೆ ಮುಂದೆ ಮಂದಿರದ ಹೊಲಿಗೆಯೆಲ್ಲ ಅವಳಿಗೇ. ಕೊಡದಿದ್ದರೆ ಕೆಲಸ ಬೇರೆಯವರ ಪಾಲು. ಓಣಿಯಲ್ಲಿ ಆ ಬಟ್ಟೆಯನ್ನು ಬಿಡಿಸುವುದಕ್ಕೇ ಆಗುತ್ತಿರಲಿಲ್ಲ, ಹೊಲಿಯುವುದು ಆಮೇಲಿನ ಮಾತು.

"ನನಗೊಂದು ಕೋಣೆ ಬೇಕು ರೀ," ಎಂದಳು. "ಬಾಗಿಲಿರೋ ಕೋಣೆ. ಇನ್ನೇನೂ ಬೇಡ."

ಹನ್ನೊಂದು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ ಮೊದಲ ವಸ್ತು ಅದು. ಆಯಿತು ಎಂದೆ. ಬೀದಿಯ ತುದಿಯ ವೆಲ್ಡರ್ ನಾಲ್ಕೇ ದಿನದಲ್ಲಿ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ತಗಡು ಹೊದಿಸಿ, ಕಿಟಕಿ, ಬಾಗಿಲು, ಫ್ಯಾನು ಎಲ್ಲ ಇಟ್ಟ. ಹತ್ತಡಿಗೆ ಹದಿನಾಲ್ಕಡಿ. ಐದನೇ ದಿನ ಕೈಯಲ್ಲಿ ಡ್ರಿಲ್ಲು, ಜೇಬಲ್ಲಿ ಹದಿನಾರು ಬೋಲ್ಟು ಇಟ್ಟುಕೊಂಡು ಬಂದು, "ಸಾರ್, ನೆಲಕ್ಕೆ ಬೋಲ್ಟ್ ಹೊಡೀಲಾ?" ಎಂದು ಕೇಳಿದ.

ಈಗ ನಿಯಮದ ವಿಷಯ ಹೇಳಬೇಕು. ಹೋದ ವರ್ಷದ ಗಾಳಿಗೆ ನಮ್ಮೂರಲ್ಲಿ ಹದಿನೇಳು ಮನೆಗಳ ಮಾಡು ಹಾರಿದ್ದವು. ಆಮೇಲೆ ನಗರಸಭೆ ಇಪ್ಪತ್ನಾಲ್ಕು ಪುಟದ ಪುಸ್ತಕ ತಂದಿತು. ಮನೆ ಕಟ್ಟುವವರು ಗಾಳಿಗೆ ಏನು ಮಾಡಬೇಕು, ಪರವಾನಗಿ ಯಾವುದಕ್ಕೆ ಬೇಕು, ಎಲ್ಲ ಅದರಲ್ಲಿದೆ. ಅದನ್ನು ಪೂರ್ತಿ ಓದಿದವರು ಊರಲ್ಲಿ ಇಬ್ಬರೇ, ಬರೆದವರು ಮತ್ತು ನಾನು. ಬರೆದವರ ಬಗ್ಗೆ ನನಗೆ ಅನುಮಾನವಿದೆ. ಒಂಬತ್ತನೇ ಪುಟದಲ್ಲಿ ಸ್ಪಷ್ಟವಾಗಿದೆ: ತಾರಸಿಗೆ ಜೋಡಿಸಿದ ಕಟ್ಟಡಕ್ಕೆ ಪರವಾನಗಿ ಕಡ್ಡಾಯ.

"ಬೋಲ್ಟ್ ಹೊಡೆದ್ರೆ ಜೋಡಿಸಿದ ಹಾಗೆ," ಎಂದು ವೆಲ್ಡರ್‌ಗೆ ವಿವರಿಸಿದೆ. "ಜೋಡಿಸಿದ್ರೆ ಪರವಾನಗಿ ಬೇಕು. ಹೊಡೀಬೇಡ. ಹಾಗೇ ಇಟ್ಟಿರು."

"ಹಾಗೇ ಇಟ್ರೆ ಗಾಳಿಗೆ ಹಾರಲ್ವಾ ಸಾರ್?"

"ಹಾರೋದು ತೂಕ ಇಲ್ಲದ್ದು. ತೂಕದ ಪಾಠ ನನಗೆ ಹೇಳ್ಕೊಡ್ತೀಯಾ?"

ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದ ಅತ್ತೆ, "ಒಂದು ಫಾರಂ ತುಂಬಿದ್ರೆ ಮುಗೀತಲ್ಲ ಅಳಿಯಂದ್ರೇ. ಕೊಡಿ, ನಾನು ಸಹಿ ಹಾಕ್ತೀನಿ," ಎಂದರು.

ಇರುವುದೇ ಅಲ್ಲಿ. ಫಾರಂನ ಮೊದಲ ಸಾಲು ಮಾಲೀಕರ ಸಹಿ. ಮನೆ ಅತ್ತೆಯದು. ಹನ್ನೊಂದು ವರ್ಷಕ್ಕೊಮ್ಮೆ ನನ್ನ ಹೆಂಡತಿಗೆ ನಾನೊಂದು ವಸ್ತು ಮಾಡಿಕೊಡುತ್ತಿದ್ದೇನೆ, ಅದಕ್ಕೂ ಅತ್ತೆಯ ಸಹಿಯೇ? ಸಾಧ್ಯವಿಲ್ಲ. "ಅತ್ತೆ, ನಾನು ಪುಸ್ತಕ ಓದಿದೀನಿ," ಎಂದೆ. ವೆಲ್ಡರ್ ಬೋಲ್ಟುಗಳನ್ನು ಜೇಬಿಗೆ ಹಾಕಿಕೊಂಡು ಹೋದ.

ಮೂರನೇ ದಿನ ಗಾಳಿ ಮೇಡಂ ಬಂದರು. ನಗರಸಭೆಯ ಈ ಇನ್‌ಸ್ಪೆಕ್ಟರ್‌ಗೆ ಆ ಹೆಸರಿಟ್ಟದ್ದು ಬೀದಿಯ ಜನ. ತೆಳ್ಳಗಿದ್ದಾರೆ, ನಗುವುದಿಲ್ಲ, ಕೈಯಲ್ಲಿ ಗಾಳಿ ಅಳೆಯುವ ಪುಟ್ಟ ಚಕ್ರವೊಂದು ತಿರುಗುತ್ತಿರುತ್ತದೆ. ಬೀದಿಯಿಂದಲೇ ತಲೆಯೆತ್ತಿ ನೋಡಿ, ಸೀದಾ ತಾರಸಿಗೆ ಬಂದರು.

"ಈ ಕೋಣೆಗೆ ಪರವಾನಗಿ ಇದೆಯಾ?"

"ಇದು ಕೋಣೆ ಅಲ್ಲ," ಎಂದೆ. "ಬೀರು."

ಮೇಡಂ ಬೀರುವನ್ನು ಒಂದು ಸುತ್ತು ಹಾಕಿ ಬಂದರು. "ಬೀರುಗೆ ಕಿಟಕಿ ಇದೆ."

"ಬಟ್ಟೆ ಇಡೋ ಬೀರು. ಗಾಳಿ ಆಡಬೇಕಲ್ಲ."

"ಫ್ಯಾನಿದೆ."

"ಕಿಟಕಿಯಿಂದ ಗಾಳಿ ಬರದಿದ್ದಾಗ."

"ಒಳಗೆ ಒಬ್ಬರು ಕೂತು ಹೊಲೀತಿದ್ದಾರೆ."

"ಅವರು ನನ್ನ ಹೆಂಡತಿ. ಬಟ್ಟೆ ತೆಗೆಯೋಕೆ ಹೋಗಿದ್ದಾರೆ."

ಕೆಳಗಿನ ಬೀದಿಯಲ್ಲಿ ಆಗಲೇ ಹತ್ತು ಜನ ನಿಂತಿದ್ದರು. ಪಕ್ಕದ ಮನೆಯ ಬ್ಯಾಂಡ್ ಮಾಸ್ತರರು ತಮ್ಮ ತಾರಸಿಯಿಂದಲೇ, "ಬಿಡಬೇಡಿ ತಕ್ಕಡಿ ಸಾರ್," ಎಂದು ಹುರಿದುಂಬಿಸಿದರು. ಮೇಡಂ ಆ ಕಡೆ ತಿರುಗಲೂ ಇಲ್ಲ. ಪುಸ್ತಕ ತೆಗೆದು ಹದಿನೇಳನೇ ಪುಟ ಬಿಡಿಸಿದರು.

"ತಾರಸಿ ಮೇಲೆ ಜೋಡಿಸದೆ ಇಟ್ಟ ವಸ್ತು, ಗಾಳಿಗೆ ಹಾರದಷ್ಟು ತೂಕ ಇರಬೇಕು. ಈ ಅಳತೆಯ ಬೀರು ಅಂದ್ರೆ..." ಎಂದು ಕಾಗದದಲ್ಲಿ ಗುಣಾಕಾರ ಮಾಡಿದರು. "ಒಂದೂವರೆ ಸಾವಿರ ಕಿಲೋ. ಇದು ಎಷ್ಟಿದೆ?"

"ಆರುನೂರ ಇಪ್ಪತ್ತು." ತೂಕದ ವಿಷಯದಲ್ಲಿ ನನಗೆ ಸುಳ್ಳು ಹೇಳಲು ಬರುವುದಿಲ್ಲ.

"ಎಂಟುನೂರ ಎಂಬತ್ತು ಕಡಿಮೆ. ನೋಡಿ, ಹದಿನಾರು ಬೋಲ್ಟು, ಒಂದು ಫಾರಂ. ಒಂದೇ ದಿನದಲ್ಲಿ ಪರವಾನಗಿ ಕೊಡ್ತೀನಿ."

"ತೂಕ ತುಂಬಿಸ್ತೀನಿ," ಎಂದೆ.

ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಅತ್ತೆ ಹಿಂದಿನಿಂದ ಗೊಣಗಿದ್ದು ಕೇಳಿಸಿತು. ಮೊಲಕ್ಕೆ ಎಷ್ಟು ಕಾಲು ಎನ್ನುವುದು ಹಿಡಿದವನಿಗೆ ಗೊತ್ತು. ಗುರುವಾರ ಬರುತ್ತೇನೆಂದು ಹೇಳಿ ಮೇಡಂ ಇಳಿದು ಹೋದರು.

ಅಂಗಡಿಯಿಂದ ಇಪ್ಪತ್ತು ಕಿಲೋ ತೂಕದ ಹನ್ನೆರಡು ಕಬ್ಬಿಣದ ಬಟ್ಟು ಹೊರಿಸಿದೆ. ಇನ್ನೂರ ನಲವತ್ತು. ಮರಳಿನ ಮೂಟೆ ಹತ್ತು, ಇನ್ನೂರ ಐವತ್ತು. ಅತ್ತೆಯ ಕಬ್ಬಿಣದ ಪೆಟ್ಟಿಗೆ, ಯಾರೂ ಒಳಗೆ ಏನಿದೆ ಎಂದು ನೋಡದ್ದು, ಅರವತ್ನಾಲ್ಕು. ಇಷ್ಟು ತುಂಬುವಷ್ಟರಲ್ಲಿ ಬೀರುವಿನಲ್ಲಿ ಮೆಷಿನ್ನಿಗೆ ಜಾಗವಿರಲಿಲ್ಲ. ಭಾವಮೈದ ಅದನ್ನು ಹೊತ್ತು ಮತ್ತೆ ಓಣಿಯಲ್ಲಿ ಇಟ್ಟ.

"ಮತ್ತೆ ನಾನು ಹೊಲಿಯೋದೆಲ್ಲಿ?" ಎಂದಳು ಹೆಂಡತಿ.

"ಗುರುವಾರದವರೆಗೆ ತಡ್ಕೋ."

"ತಿಂಗಳ ಕೊನೆಗೆ ಇನ್ನು ಹದಿಮೂರು ದಿನ ಇದೆ."

"ಹೂಂ," ಎಂದೆ. ನಾನು ಆಗ ಕೂಡುತ್ತಿದ್ದೆ. ಇನ್ನೂ ಮುನ್ನೂರ ಇಪ್ಪತ್ತಾರು ಕಿಲೋ ಬಾಕಿಯಿತ್ತು. ಮರಳು ಮುಗಿದಿತ್ತು, ಬಟ್ಟು ಮುಗಿದಿತ್ತು. ಉಳಿದದ್ದು ನೆಂಟರಿಷ್ಟರು.

ಬುಧವಾರ ಸಂಜೆ ಅಂಗಡಿಯ ದೊಡ್ಡ ತಕ್ಕಡಿಯ ಮೇಲೆ ಎಲ್ಲರನ್ನೂ ನಿಲ್ಲಿಸಿದೆ. ಬ್ಯಾಂಡ್ ಮಾಸ್ತರರು ನೂರ ಹನ್ನೆರಡು. ದೊಡ್ಡ ಕಹಳೆ ಹಿಡಿದರೆ ನೂರ ಇಪ್ಪತ್ತೊಂದು. ಕಹಳೆ ಹಿಡಿದೇ ಬನ್ನಿ ಎಂದೆ. ಭಾವಮೈದ ಎಪ್ಪತ್ತೆಂಟು. ನಾನು ಎಪ್ಪತ್ತೊಂದು. ಇನ್ನು ಬೇಕಾದದ್ದು ಐವತ್ತಾರು. ಮನೆಯಲ್ಲಿ ಆ ಅಂದಾಜಿನಲ್ಲಿ ಇದ್ದವರು ಒಬ್ಬರೇ.

"ಸಾಧ್ಯ ಇಲ್ಲ," ಎಂದರು ಅತ್ತೆ. "ನನ್ನ ತೂಕ ನಿಮ್ಮ ಮಾವನವರಿಗೇ ಗೊತ್ತಿರ್ಲಿಲ್ಲ. ನಿಮಗೆ ಹೇಳ್ತೀನಾ?"

"ಅತ್ತೆ, ಮಗಳ ಬೀರು ಉಳೀಬೇಕೋ ಬೇಡ್ವೋ?"

"ಮಗಳು ಕೇಳಿದ್ದು ಕೋಣೆ."

ಕೊನೆಗೆ ಎಲ್ಲರೂ ಗೋಡೆಯ ಕಡೆ ತಿರುಗಿ ನಿಲ್ಲಬೇಕು, ಮುಳ್ಳು ನೋಡುವವನು ನಾನೊಬ್ಬನೇ, ನೋಡಿದ್ದನ್ನು ಸಾಯುವವರೆಗೂ ಹೇಳಕೂಡದು ಎಂಬ ಷರತ್ತಿನ ಮೇಲೆ ಹತ್ತಿದರು. ಮಾತಿಗೆ ತಪ್ಪುವವನಲ್ಲ ನಾನು, ಹೇಳುವುದಿಲ್ಲ. ಎರಡು ಕಿಲೋ ಕಡಿಮೆ ಬಿದ್ದದ್ದಕ್ಕೆ ಅವರ ಕೈಚೀಲದಲ್ಲಿ ಎರಡು ಕಿಲೋ ಬಟ್ಟು ಹಾಕಿದೆ ಎಂದಷ್ಟೇ ಹೇಳಬಹುದು.

ಗುರುವಾರ ಹತ್ತು ಗಂಟೆಗೆ ಬೀರು ಸಿದ್ಧವಾಗಿತ್ತು. ಒಂದು ಗೋಡೆಗೆ ಬಟ್ಟುಗಳು, ಇನ್ನೊಂದಕ್ಕೆ ಮೂಟೆಗಳು. ನಡುವೆ ಪೆಟ್ಟಿಗೆಯ ಮೇಲೆ ಚೀಲ ಹಿಡಿದ ಅತ್ತೆ, ಪಕ್ಕದಲ್ಲಿ ಕಹಳೆ ಅಪ್ಪಿಕೊಂಡ ಮಾಸ್ತರರು, ಅವರ ಬೆನ್ನಿಗೆ ಒತ್ತಿಕೊಂಡ ಭಾವಮೈದ. ಬಾಗಿಲಲ್ಲಿ ನಾನು. ಮೇಡಂ ಒಳಗೆ ಇಣುಕಿದರು.

"ಇವರೆಲ್ಲ ಯಾರು?"

"ತೂಕ," ಎಂದೆ. "ಕೂಡಿ ನೋಡಿ. ಸರಿಯಾಗಿ ಸಾವಿರದ ಐನೂರು."

ಮೇಡಂ ಕೂಡಿ ನೋಡಿದರು. ಸರಿ ಇತ್ತು. "ಇವರು ಯಾವಾಗಲೂ ಇಲ್ಲೇ ಇರ್ತಾರಾ?"

"ನಾನು ಮಧ್ಯಾಹ್ನ ಊಟಕ್ಕೆ ಹೋಗಬೇಕು," ಎಂದರು ಮಾಸ್ತರರು.

"ಹಾಗಾದ್ರೆ ಊಟದ ಹೊತ್ತಲ್ಲಿ ನೂರ ಇಪ್ಪತ್ತೊಂದು ಕಿಲೋ ಕಡಿಮೆ."

ಭಾವಮೈದನಿಗೆ ರೋಷ ಬಂತು. "ಭಾವನ ಮರ್ಯಾದೆ ಪ್ರಶ್ನೆ. ನಾವು ಇಲ್ಲೇ ಇದ್ದುಬಿಡ್ತೀವಿ ಮೇಡಂ. ಊಟ, ನಿದ್ದೆ ಎಲ್ಲ ಇಲ್ಲೇ."

"ಅಂದ್ರೆ ವಾಸ?"

"ವಾಸ."

ಮೇಡಂ ನಾಲ್ಕನೇ ಪುಟ ಬಿಡಿಸಿದರು. "ಜನ ವಾಸ ಮಾಡೋ ಜಾಗಕ್ಕೆ ಮನೆ ಅಂತ ಹೆಸರು. ಮನೆಗೆ ಪರವಾನಗಿ ಬೇಕು."

ಅತ್ತ ದರಿ, ಇತ್ತ ಪುಲಿ. ಜನ ಎದ್ದು ಹೋದರೆ ತೂಕವಿಲ್ಲ, ಕೂತರೆ ಬೀರು ಮನೆಯಾಗುತ್ತದೆ. ಆದರೆ ನಾನು ಸೋಲುವವನಲ್ಲ. ಗಾಳಿಯ ಎಚ್ಚರಿಕೆಯ ಸೈರನ್ ಆದ ಕೂಡಲೇ ಈ ನಾಲ್ವರೂ ಬಂದು ಬೀರುವಿನಲ್ಲಿ ಕೂರುತ್ತೇವೆ, ಸೈರನ್ ನಿಂತ ಮೇಲೆ ಎದ್ದು ಹೋಗುತ್ತೇವೆ ಎಂದು ಅಲ್ಲೇ ಮುಚ್ಚಳಿಕೆ ಬರೆದೆ. ಮಾಸ್ತರರು ದೊಡ್ಡದಾಗಿ ಸಹಿ ಹಾಕಿದರು. ಭಾವಮೈದ ಎರಡು ಕಡೆ ಹಾಕಿದ. ಅತ್ತೆ ಮಾತ್ರ ಕನ್ನಡಕ ತಂದಿಲ್ಲ ಎಂದರು.

ಮೇಡಂ ಅದನ್ನು ಓದಿ ಮಡಿಸಿ ನನಗೇ ಕೊಟ್ಟರು. "ಸೋಮವಾರ ಬರ್ತೀನಿ. ಪರವಾನಗಿ ಇರಬೇಕು, ಇಲ್ಲಾ ಬೀರು ಇಳಿದಿರಬೇಕು." ಮೆಟ್ಟಿಲ ಹತ್ತಿರ ನನ್ನ ಹೆಂಡತಿ ಬಟ್ಟೆಯ ಗಂಟು ಹಿಡಿದು ನಿಂತಿದ್ದಳು. "ಇದರಲ್ಲಿ ಹೊಲಿಯೋರು ನೀವಾ? ಎಲ್ಲಿ ಕೂರ್ತೀರಿ?" ಎಂದು ಮೇಡಂ ಕೇಳಿದರು. ಅವಳು ಒಳಗೆ ನೋಡಿದಳು. ಕೂರುವ ಜಾಗದಲ್ಲಿ ಕಹಳೆ ಇತ್ತು.

ಅವಳು ಸಿಟ್ಟಾದದ್ದು ಆಮೇಲೆ, ಎಲ್ಲರೂ ಹೋದ ಮೇಲೆ. ನನ್ನಾಕೆ ಕಿರುಚುವವಳಲ್ಲ. ಹಲ್ಲಿನ ನಡುವೆ ಸೂಜಿ ಇಟ್ಟುಕೊಂಡು ಮಾತಾಡಿ ಅಭ್ಯಾಸ, ಹಾಗಾಗಿ ಮೆಲ್ಲಗೇ ಹೇಳಿದಳು.

"ಹನ್ನೊಂದು ವರ್ಷ ಎಲ್ಲರಿಗೂ ದಾರಿ ಬಿಟ್ಟೆ. ನಿಮಗೆ, ಅಮ್ಮನಿಗೆ, ತಮ್ಮನಿಗೆ, ಬಂದವರಿಗೆ. ಒಂದು ಬಾಗಿಲು ಕೇಳಿದೆ. ಅದರೊಳಗೂ ಇಡೀ ಬೀದಿ ತಂದು ಕೂರಿಸಿದ್ರಿ."

"ನಿನಗೋಸ್ಕರವೇ ಹೋರಾಡ್ತಿದೀನಲ್ಲ."

"ನನಗೋಸ್ಕರ ಒಂದು ಫಾರಂ ತುಂಬೋಕಾಗಲ್ಲ, ಹೋರಾಡ್ತೀರಾ?"

ನನಗೆ ನಿಜಕ್ಕೂ ಬೇಜಾರಾಯಿತು. ಬೇಜಾರಾದಾಗ ನಾನು ಲೆಕ್ಕ ಮಾಡುತ್ತೇನೆ. ಜನರಿಲ್ಲದೆ ಮುನ್ನೂರ ಇಪ್ಪತ್ತಾರು ಕಿಲೋ ತರುವುದು ಹೇಗೆ ಎಂದು ಶುಕ್ರವಾರ ಇಡೀ ದಿನ ಕೂಡಿದೆ, ಕಳೆದೆ. ಆ ನಡುವೆ ಅವಳು ಬಂದು, "ಅಮ್ಮನ ಕರ್ಕೊಂಡು ನಗರಸಭೆಗೆ ಹೋಗಿ ಬರ್ತೀನಿ," ಎಂದಳು. ಹೂಂ ಎಂದೆ. ಸಂಜೆ ಬಂದು, "ಬೆಳಿಗ್ಗೆ ವೆಲ್ಡರ್ ಬರ್ತಾನೆ," ಎಂದಳು. ಅದಕ್ಕೂ ಹೂಂ ಎಂದೆ. ಲೆಕ್ಕದಲ್ಲಿರುವವನ ಹೂಂ ಒಪ್ಪಿಗೆಯಲ್ಲ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ, ಬರೆಯಬೇಕಿತ್ತು.

ಶನಿವಾರ ಅಂಗಡಿಯಲ್ಲಿ ಕೂತು ಅಕ್ಕಸಾಲಿಗರೊಬ್ಬರ ಸೂಕ್ಷ್ಮ ತಕ್ಕಡಿ ಸರಿಮಾಡುತ್ತಿದ್ದೆ. ಮೇಲಿಂದ ಡ್ರಿಲ್ಲಿನ ಸದ್ದು. ಮುಳ್ಳು ಕುಣಿಯತೊಡಗಿತು. ಹೊರಗೆ ಬಂದು ತಲೆಯೆತ್ತಿ, "ಯಾರಯ್ಯಾ ಅದು? ನಿಲ್ಸು," ಎಂದೆ.

"ಇನ್ನು ಹದಿಮೂರೇ ಇದೆ ಸಾರ್," ಎಂದಿತು ವೆಲ್ಡರ್‌ನ ಧ್ವನಿ.

"ಬೇಗ ಮುಗಿಸಿ ಹೋಗು," ಎಂದು ಹೇಳಿ ಒಳಗೆ ಬಂದೆ. ಹದಿಮೂರು ಏನು ಎಂದು ಕೇಳಬಹುದಿತ್ತು. ಕೈಯಲ್ಲಿ ಅರ್ಧ ಗ್ರಾಮಿನ ಬಟ್ಟು ಇತ್ತು.

ಭಾನುವಾರ ಮಧ್ಯಾಹ್ನ ಮೂರಕ್ಕೆ ಸೈರನ್ ಕೂಗಿತು. ಹೆಂಡತಿ ಪರದೆಯ ಬಳೆಗಳ ಅಳತೆಗೆಂದು ನಾಟಕ ಮಂದಿರಕ್ಕೆ ಹೋಗಿದ್ದಳು. ಮುಕ್ಕಾಲು ಹೊಲಿದ ಪರದೆ ಮೇಲೆ ಬೀರುವಿನಲ್ಲಿದೆ ಎಂದು ಅತ್ತೆ ಹೇಳಿದರು. ಮುಚ್ಚಳಿಕೆ ಹಿಡಿದು ಓಡಿದೆ.

ಬ್ಯಾಂಡ್ ಮಾಸ್ತರರು ಬಾಗಿಲ ಸಂದಿಯಿಂದ, "ಇವತ್ತು ತಾಲೀಮು ಇದೆ ಸಾರ್," ಎಂದರು. ಒಳಗೆ ಅವರ ಮಂಚದ ಕೆಳಗಿಂದ ಕಹಳೆ ಇಣುಕುತ್ತಿತ್ತು. ಭಾವಮೈದನ ಫೋನು ಸ್ವಿಚ್ ಆಫ್. ಅತ್ತೆಯ ಕಡೆ ನೋಡಿದೆ.

"ನಾನು ಸಹಿ ಹಾಕಿಲ್ಲ," ಎಂದರು ಅತ್ತೆ. "ನೀವೂ ಹೋಗ್ಬೇಡಿ ಅಳಿಯಂದ್ರೇ. ಅದಕ್ಕೇನೂ ಆಗಲ್ಲ, ಅದಕ್ಕೆ..."

ಪೂರ್ತಿ ಕೇಳಲು ಪುರಸೊತ್ತಿರಲಿಲ್ಲ. ಮೇಲೆ ಹತ್ತಿ ನೋಡಿದರೆ ಯಾರೋ ನನ್ನ ಬಟ್ಟುಗಳನ್ನೂ ಮೂಟೆಗಳನ್ನೂ ಹೊರಗೆ ಸಾಲಾಗಿ ಇಟ್ಟಿದ್ದಾರೆ. ಒಳಗೆ ಮೆಷಿನ್ನು, ನೆಲದ ತುಂಬ ಹರಡಿದ ಕೆಂಪು ಪರದೆ. ಆರುನೂರ ಇಪ್ಪತ್ತರ ಬೀರು, ಎಪ್ಪತ್ತೊಂದರ ನಾನು. ಎಂಟುನೂರ ಒಂಬತ್ತು ಕಿಲೋ ಕಡಿಮೆ. ಮೂಟೆ ಎಳೆಯಲು ಹೊತ್ತಿಲ್ಲ, ತಗಡು ಆಗಲೇ ಅದುರುತ್ತಿತ್ತು. ಬಾಗಿಲು ಹಾಕಿಕೊಂಡು ಪರದೆಯ ಮೇಲೆ ಅಂಗಾತ ಬಿದ್ದು ಕೈಕಾಲು ಚಾಚಿದೆ. ಹಾಗೆ ಮಲಗಿದರೆ ತೂಕ ಹಂಚಿಕೊಳ್ಳುತ್ತದೆ.

ಎರಡು ಗಂಟೆ ಕಾಲ ಹಾಗೇ ಇದ್ದೆ. ನನಗೆ ಭಯವಾಯಿತು, ಸುಳ್ಳು ಹೇಳುವುದಿಲ್ಲ. ಗಾಳಿ ಕಿಟಕಿಯನ್ನು ಹಿಡಿದು ಅಲ್ಲಾಡಿಸಿತು. "ಇದು ಬೀರು," ಎಂದು ಅದಕ್ಕೆ ಕೂಗಿ ಹೇಳಿದೆ. "ಹೊತ್ಕೊಂಡು ಹೋಗೋದಾದ್ರೆ ನನ್ನ ಸೇರಿಸಿ ಹೊತ್ಕೊಂಡು ಹೋಗು. ಅವಳು ಹನ್ನೊಂದು ವರ್ಷ ಕಾದಿದ್ದಾಳೆ." ಇನ್ನೂ ಬಹಳ ಹೇಳಿದೆ. ಕೆಲವು ಅತ್ತೆಯ ಬಗ್ಗೆ. ಬೀರು ಒಂದಿಂಚೂ ಅಲುಗಲಿಲ್ಲ.

ಗಾಳಿ ನಿಂತು ಹೊರಗೆ ಬಂದಾಗ ಬೀದಿಯೆಲ್ಲ ಕಸಕಡ್ಡಿ. ನಡುವೆ ನಗರಸಭೆಯದೇ ದೊಡ್ಡ ಫಲಕ ಬಿದ್ದಿತ್ತು: ನಿಮ್ಮ ಮನೆ ಗಾಳಿಗೆ ಸಿದ್ಧವೇ? ಅದು ಹಾರಿ ಬಂದದ್ದು ಆರು ಬೀದಿಯಾಚೆಯಿಂದ. ನಾನು ತಾರಸಿಯ ಅಂಚಿಗೆ ನಿಂತು ಜನರಿಗೆ ನಾಲ್ಕು ಮಾತು ಹೇಳಿದೆ. ಬೋಲ್ಟು ಹಾಕಿದವರ ಫಲಕ ಹಾರಿದೆ, ಹಾಕದವನ ಬೀರು ನಿಂತಿದೆ, ಮನುಷ್ಯನಿಗೆ ತೂಕ ಇರಬೇಕು ಎಂದೆ. ಮಾಸ್ತರರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಹೆಂಡತಿ ಓಡೋಡಿ ಬಂದಳು. ಕೂದಲೆಲ್ಲ ಕೆದರಿತ್ತು. ಪರದೆ ನೋಡಲಿಲ್ಲ, ನನ್ನನ್ನೇ ಮೇಲಿಂದ ಕೆಳಗೆ ನೋಡಿದಳು. "ಒಳಗೆ ಇದ್ರಾ? ತಲೆ ನೆಟ್ಟಗಿದೆಯಾ ನಿಮಗೆ?" ಎಂದಳು. ಕಣ್ಣಲ್ಲಿ ನೀರಿತ್ತು. ಆಮೇಲೆ ಬಗ್ಗಿ, ಗೋಡೆಯ ಬುಡದಿಂದ ಪರದೆಯ ಅಂಚು ಸರಿಸಿ ತೋರಿಸಿದಳು. ಹೊಸ ಬೋಲ್ಟು. ಪಕ್ಕದಲ್ಲಿ ಇನ್ನೊಂದು. ಸುತ್ತ ಎಣಿಸಿದೆ, ಹದಿನಾರು.

"ಹೇಳಿದ್ದೆನಲ್ಲ," ಎಂದಳು. "ಹೂಂ ಅಂದ್ರಿ."

ಸೋಮವಾರ ಮೇಡಂ ಬಂದು ಬೋಲ್ಟು ಅಲ್ಲಾಡಿಸಿ ನೋಡಿ ಪರವಾನಗಿ ಕೊಟ್ಟರು. ಹೊಲಿಗೆ ಕೋಣೆ ಎಂದು ಬರೆದಿತ್ತು. ಕೆಳಗೆ ಅತ್ತೆಯ ಸಹಿ, ಕನ್ನಡಕವಿಲ್ಲದೆಯೇ ಬಹಳ ನೀಟಾಗಿತ್ತು. ಹೊರಡುವ ಮುಂಚೆ ಮೇಡಂ ಪುಸ್ತಕದ ಇಪ್ಪತ್ತೊಂದನೇ ಪುಟ ಬಿಡಿಸಿ, "ನಿನ್ನೆ ಎಚ್ಚರಿಕೆ ಹೊತ್ತಲ್ಲಿ ತಾರಸಿ ಕೋಣೇಲಿ ಯಾರಾದ್ರೂ ಇದ್ರಾ? ಇದ್ರೆ ತಪ್ಪು, ನೋಟಿಸ್ ಕೊಡಬೇಕಾಗುತ್ತೆ," ಎಂದರು. ಆ ಪುಟವನ್ನೂ ನಾನು ಓದಿದ್ದೆ. ಕೋಣೆಗಳ ವಿಷಯ, ನಮಗೆ ಸಂಬಂಧವಿಲ್ಲ ಎಂದು ಬಿಟ್ಟಿದ್ದೆ.

"ಯಾರೂ ಇರ್ಲಿಲ್ಲ," ಎಂದರು ಅತ್ತೆ, ನನ್ನ ಕೈ ಚಿವುಟುತ್ತ.

"ಇದ್ದೆ," ಎಂದೆ. "ಮೂರರಿಂದ ಐದರವರೆಗೆ ಪೂರ್ತಿ ಇದ್ದೆ. ಬರ್ಕೊಳ್ಳಿ ಮೇಡಂ. ಎಪ್ಪತ್ತೊಂದು ಕಿಲೋ ಅಂತಲೂ ಬರ್ಕೊಳ್ಳಿ."

ಮೇಡಂ ಬರೆದರು. ಆ ನೋಟಿಸಿಗೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದೇನೆ, ಬೇಕಾದವರು ಬಂದು ಓದಬಹುದು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಮಾಸ್ತರರು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ, ಹೇಳಿಕೊಳ್ಳಲಿ. ಬೋಲ್ಟು ಇದ್ದದ್ದು ನಿಜ. ಆದರೆ ಬೋಲ್ಟಿದೆ ಎಂದು ಗೊತ್ತಿದ್ದು ಕೂರುವುದು ಯಾರಿಗಾದರೂ ಬರುತ್ತದೆ.

ಪರದೆ ತಿಂಗಳ ಕೊನೆಗೆ ಎರಡು ದಿನ ಮುಂಚೆಯೇ ಹೋಯಿತು. ಈಗ ಮೇಲೆ ಮಂದಿರದ ಕುರ್ಚಿಗಳ ಗವಸು ಹೊಲಿಯುವ ಸದ್ದು ಬೆಳಿಗ್ಗೆಯಿಂದ ನಿಲ್ಲದೆ ಕೇಳಿಸುತ್ತದೆ. ನಡುವೆ ಯಾರೂ ಅವಳನ್ನು ಎಬ್ಬಿಸುವುದಿಲ್ಲ. ನಮ್ಮ ತಾರಸಿಯ ಮೇಲಿರುವುದು ಕೋಣೆಯಲ್ಲ, ಬೀರು ಎಂದು ನಾನು ಇವತ್ತಿಗೂ ಅವಳಿಗೆ ಹೇಳುತ್ತೇನೆ. ಬಾಗಿಲು ತಟ್ಟಿ, ಅವಳು ಬನ್ನಿ ಅಂದ ಮೇಲೆ ಹೇಳುತ್ತೇನೆ.